ಮೊದಲ ನಾಲ್ಕು ವಾರ ಅವ್ವನನ್ನೂ ಒಳಗೆ ಬಿಡಿ: ರಾಯಚೂರು ಜಿಲ್ಲೆಯ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ರಾಯಚೂರು ಜಿಲ್ಲೆ
ಮಾನ್ಯ ಉಪನಿರ್ದೇಶಕರು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ, ರಾಯಚೂರು
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ರಾಯಚೂರು

ವಿಷಯ: ಅಂಗನವಾಡಿ ಮತ್ತು ಎಲ್‌ಕೆಜಿಗೆ ಹೊಸದಾಗಿ ಸೇರುವ ಮಕ್ಕಳು ಹೊಂದಿಕೊಳ್ಳುವ ತನಕ ಮನೆಯವರೊಬ್ಬರು ಜೊತೆಗಿರಲು ಅವಕಾಶ ಕೊಡುವ ಬಗ್ಗೆ.

ಮಾನ್ಯರೆ,

ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಟ್ಟೆ ಹೊಲಿದು ಜೀವನ ಮಾಡುವ ಹೆಣ್ಣುಮಗಳು ನಾನು. ಇಬ್ಬರು ಮಕ್ಕಳ ತಾಯಿ. ಊರಿನ ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ಸದಸ್ಯೆಯಾಗಿದ್ದೇನೆ. ನನ್ನ ಹೊಲಿಗೆ ಮಷಿನ್ ಇರುವ ಪಡಸಾಲೆಯ ಎದುರಿಗೇ ಆ ಅಂಗನವಾಡಿ ಇದೆ. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳು ಸೇರುವುದನ್ನು ಹತ್ತಿರದಿಂದ ನೋಡುತ್ತ ಬಂದಿದ್ದೇನೆ. ದೊಡ್ಡ ಮಗ ಅಲ್ಲೇ ಬೆಳೆದ. ಚಿಕ್ಕವಳನ್ನು ಪಟ್ಟಣದ ಒಂದು ಖಾಸಗಿ ಶಾಲೆಯ ಎಲ್‌ಕೆಜಿಗೆ ಹಾಕಿದೆವು. ಹೀಗಾಗಿ ಎರಡೂ ಕಡೆಯ ಬಾಗಿಲು ನನಗೆ ಗೊತ್ತು. ಯಾವುದೋ ಒಬ್ಬ ಕಾರ್ಯಕರ್ತೆಗೆ ಅಥವಾ ಒಂದು ಶಾಲೆಗೆ ನೋಟಿಸು ಕೊಡಿಸಬೇಕೆಂದು ನಾನು ಈ ಪತ್ರ ಬರೆಯುತ್ತಿಲ್ಲ. ನಾನು ಕಂಡ ಊರುಗಳಲ್ಲೆಲ್ಲ ಸರಿಯೆಂದೇ ನಡೆದುಕೊಂಡು ಬಂದಿರುವ ಒಂದು ರೂಢಿಯನ್ನು ತಾವು ನಿಲ್ಲಿಸಬೇಕು ಎಂದು ಕೇಳಲು ಬರೆಯುತ್ತಿದ್ದೇನೆ.

ಆ ರೂಢಿ ಎಲ್ಲರಿಗೂ ಗೊತ್ತಿರುವುದೇ. ಮೂರು ವರ್ಷದ ಕೂಸನ್ನು ಮೊದಲ ದಿನವೇ ಮನೆಯವರ ಕೈಯಿಂದ ಬಿಡಿಸಿಕೊಂಡು ಒಳಗೆ ಕೂಡಿಸಿ ಚಿಲಕ ಹಾಕುತ್ತಾರೆ. "ಅಳ್ಳಿ ಬಿಡ್ರಿ, ನಾಕ್ ದಿನಕ್ಕ ತಾನ ಸುಮ್ಮನಾಗ್ತದ" ಎನ್ನುತ್ತಾರೆ. ಅವ್ವ ತಿರುಗಿ ನೋಡಿದರೆ ಅವಳಿಗೇ ಬೈಗುಳ. ಅಂಗಡಿಗೆ ಹೋಗಿ ಚಾಕಲೇಟ್ ತರ್ತೀನಿ ಎಂದು ಸುಳ್ಳು ಹೇಳಿ ಸದ್ದಿಲ್ಲದೆ ಜಾರಿಕೊಳ್ಳುವುದನ್ನು ತಾಯಂದಿರೇ ಒಬ್ಬರಿಗೊಬ್ಬರು ಕಲಿಸಿಕೊಡುತ್ತಾರೆ. ಅಳು ಜೋರಾದರೆ "ಸೂಜಿ ಮಾಡಸ್ತೀನಿ ನೋಡು" ಎನ್ನುವ ಬೆದರಿಕೆ. ಅದೇ ಅಂಗನವಾಡಿಗೆ ಲಸಿಕೆಯ ದಿನ ನರ್ಸಮ್ಮ ಬಂದಾಗ ಮಕ್ಕಳು ಓಣಿ ದಾಟಿ ಓಡಿಹೋಗುವುದು ಯಾಕೆಂದು ಆಮೇಲೆ ಯಾರೂ ಯೋಚಿಸುವುದಿಲ್ಲ.

ನಾನು ಕಂಡ ಒಂದು ಮಗುವಿನ ಸಂಗತಿ ಹೇಳುತ್ತೇನೆ. ಊರ ಪಕ್ಕದ ತಾಂಡಾದ ಹುಡುಗ, ಮೂರು ತುಂಬಿತ್ತು. ಮನೆಯಲ್ಲಿ ಲಂಬಾಣಿ ಮಾತು, ಕನ್ನಡ ಅಷ್ಟಾಗಿ ಕಿವಿಗೆ ಬಿದ್ದಿರಲಿಲ್ಲ. ಅವನ ಅವ್ವ ಕೂಲಿಗೆ ಹೋಗುವವಳು. ಬೆಳಿಗ್ಗೆ ಎಂಟಕ್ಕೆ ಟಂಟಂ ಬಂದು ನಿಂತರೆ ಹತ್ತಲೇಬೇಕು, ಇಲ್ಲದಿದ್ದರೆ ಆ ದಿನದ ಕೂಲಿ ಹೋಯಿತು. ಹಾಗಾಗಿ ಅಜ್ಜಿ ಕರೆದುಕೊಂಡು ಬಂದಳು. ಹುಡುಗ ಅಜ್ಜಿಯ ಸೆರಗು ಹಿಡಿದೇ ಹೊಸ್ತಿಲು ದಾಟಿದ. "ನೀ ಇಲ್ಲೇ ಇದ್ರ ಅಂವ ಕೂಡಂಗಿಲ್ಲ, ಹೋಗವ್ವ" ಎಂದು ಅಜ್ಜಿಯನ್ನು ಕಳಿಸಿ ಬಾಗಿಲು ಹಾಕಿದರು. ಅಜ್ಜಿ ಎದುರಿನ ಬೇವಿನ ಗಿಡದ ಕೆಳಗೆ ಕುಳಿತಳು. ಕಿಟಕಿಯಿಂದ ಕಾಣ್ತೀಯಂತ ಅಲ್ಲಿಂದಲೂ ಎಬ್ಬಿಸಿದರು. ಅಷ್ಟೊತ್ತಿಗೆ ನಾನು ಸಮಿತಿಯ ಕೆಲಸಕ್ಕೆಂದು ಒಳಗೆ ಹೋಗಿದ್ದೆ. ಹುಡುಗ ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ, ಊಟದ ಹೊತ್ತಿನ ತನಕ ಏಳಲಿಲ್ಲ. ಚಡ್ಡಿ ಒದ್ದೆಯಾಗಿತ್ತು, ಬದಲಿಗೆ ಹಾಕಲು ಇನ್ನೊಂದು ಇರಲಿಲ್ಲ. ಒಂದಕ್ಕೆ ಹೋಗಬೇಕು ಎಂದು ಅವನು ತನ್ನ ಮಾತಿನಲ್ಲಿ ಹೇಳಿದ್ದನೋ ಏನೋ, ಅದನ್ನು ತಿಳಿದುಕೊಳ್ಳುವವರು ಆ ಕೋಣೆಯಲ್ಲಿ ಇರಲಿಲ್ಲ. ತಿಳಿಯುತ್ತಿದ್ದ ಒಬ್ಬಳೇ ಒಬ್ಬಳನ್ನು ಮನೆಗೆ ಕಳಿಸಿಯಾಗಿತ್ತು. ತಟ್ಟೆಯ ಅನ್ನ ಸಾಂಬಾರು ಹಾಗೇ ಆರಿಹೋಗಿತ್ತು.

ಕೆಲವು ದಿನಗಳಲ್ಲಿ ಹುಡುಗ ಅಳುವುದನ್ನು ಬಿಟ್ಟ. ರೂಢಿ ಆತು ನೋಡ್ರಿ ಎಂದರು ಎಲ್ಲರೂ. ಆದರೆ ಅಳುವಿನ ಜೊತೆಗೆ ಅವನ ಮಾತೂ ನಿಂತಿತ್ತು. ಬೇರೆ ಮಕ್ಕಳು ಕೈ ತಿರುಗಿಸುತ್ತ ಹಾಡು ಹೇಳುವಾಗ ಅವನು ಬಾಗಿಲ ಕಡೆ ಕಣ್ಣಿಟ್ಟು ಕೂತಿರುತ್ತಿದ್ದ. ಆಟದ ಸಾಮಾನು ಮುಂದಿಟ್ಟರೂ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ರಾತ್ರಿ ಎದ್ದು ಕೂತು ಅವ್ವನನ್ನು ತಡಕಾಡುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದಳು. ಮಾನ್ಯರೆ, ಅಳು ನಿಂತ ಮಗುವೆಲ್ಲ ಹೊಂದಿಕೊಂಡ ಮಗುವಲ್ಲ. ಕರೆದರೂ ಯಾರೂ ಬರುವುದಿಲ್ಲ ಎಂದು ತಿಳಿದ ಮಗುವೂ ಅಳು ನಿಲ್ಲಿಸುತ್ತದೆ. ಇವೆರಡನ್ನು ಒಂದೇ ಎಂದುಕೊಂಡಿರುವುದೇ ನಮ್ಮ ದೊಡ್ಡ ತಪ್ಪು ತಿಳಿವಳಿಕೆ.

ಹಣ ಕೊಟ್ಟು ಸೇರಿಸುವ ಕಡೆಯಾದರೂ ಬೇರೆ ಇದೆಯೇ ಎಂದರೆ, ಅದೂ ಇಲ್ಲ. ನನ್ನ ಮಗಳ ಶಾಲೆಯ ಗೇಟಿನ ಮೇಲೆ ಪೋಷಕರಿಗೆ ಒಳಗೆ ಪ್ರವೇಶವಿಲ್ಲ ಎಂಬ ಬೋರ್ಡು. ಗೇಟಿನ ಸಂದಿಯಿಂದ ಆಯಾ ಕೈ ಚಾಚಿ ಮಗುವನ್ನು ಎಳೆದುಕೊಳ್ಳುತ್ತಾರೆ. ಒಳಗೆ ಯಾವ ಕೋಣೆ, ಎಲ್ಲಿ ಕೂಡಿಸುತ್ತಾರೆ, ಟೀಚರ್ ಯಾರು ಎಂಬುದು ನನಗೆ ಗೊತ್ತಾದದ್ದು ಮೊದಲ ಪೋಷಕರ ಸಭೆಯಲ್ಲಿ, ಅದೂ ಫೀಸಿನ ಎರಡನೇ ಕಂತಿನ ಮಾತು ಎತ್ತಲು ಕರೆದಾಗ. ಪ್ರತಿ ಸೋಮವಾರ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. ಡಾಕ್ಟರಿಗೆ ತೋರಿಸಿದರೆ ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ಅತ್ತರೆ ಕತ್ತಲೆ ಕೋಣೆಗೆ ಹಾಕುತ್ತೇವೆ ಎಂದು ಹೆದರಿಸಿದ್ದು ಆಮೇಲೆ ಅವಳ ಬಾಯಿಂದಲೇ ಬಂತು.

ಇನ್ನೊಂದು ವಿಷಯ ತಮ್ಮ ಕಣ್ಣಿಗೆ ಬೀಳದೆ ಹೋಗಿರಬಹುದು. ಮನೆಯ ಚಿಕ್ಕ ಹುಡುಗ ಅಂಗನವಾಡಿಯಲ್ಲಿ ಕೂಡಲು ಒಲ್ಲೆನೆಂದರೆ ಅವನ ಜೊತೆ ಕೂಡಿಸಲು ಮನೆಯವರು ಅಕ್ಕನನ್ನು ಶಾಲೆ ಬಿಡಿಸುತ್ತಾರೆ. ಮೂರನೆಯದೋ ನಾಲ್ಕನೆಯದೋ ಓದುವ ಹುಡುಗಿ ಜೂನ್ ತಿಂಗಳಿಡೀ ತಮ್ಮನ ಪಕ್ಕ ಅಂಗನವಾಡಿಯ ಚಾಪೆಯ ಮೇಲೆ ಕೂತಿರುತ್ತಾಳೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳು ಗೈರು. ಹೀಗೆ ಒಂದು ಮಗುವನ್ನು ಶಾಲೆಗೆ ಹಚ್ಚಲು ಇನ್ನೊಂದು ಮಗುವಿನ ಓದು ಹೋಗುತ್ತದೆ, ಮತ್ತು ಅದು ಯಾವಾಗಲೂ ಹೆಣ್ಣುಮಗುವಿನದೇ. ದೊಡ್ಡವರೊಬ್ಬರಿಗೆ ಒಳಗೆ ಕೂಡಲು ಬಿಟ್ಟಿದ್ದರೆ ಇದು ಬೇಕಾಗುತ್ತಿರಲಿಲ್ಲ.

ಇದು ನನ್ನೊಬ್ಬಳ ಕರುಳಿನ ಮಾತು ಎಂದು ತಾವು ತಿಳಿಯಬಾರದು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವೇ 2024ರಲ್ಲಿ ಮೂರರಿಂದ ಆರು ವರ್ಷದ ಮಕ್ಕಳಿಗಾಗಿ 'ಆಧಾರಶಿಲಾ' ಎಂಬ ಪಠ್ಯಕ್ರಮ ತಂದಿದೆ. ಅದರಲ್ಲಿ ವರ್ಷವನ್ನು 48 ವಾರಗಳಾಗಿ ವಿಂಗಡಿಸಿ, ಮೊದಲ 4 ವಾರಗಳನ್ನು ಮಗು ಮನೆಯಿಂದ ಅಂಗನವಾಡಿಗೆ ಹೊಂದಿಕೊಳ್ಳುವುದಕ್ಕೆಂದೇ ಬಿಟ್ಟಿದ್ದಾರೆ. ಆ ನಾಲ್ಕು ವಾರ ನಲಿದಾಟ ಮತ್ತು ಮಗುವಿಗೆ ಇಷ್ಟಬಂದ ಆಟ ಇರಬೇಕು. ಪಾಠಕ್ಕೆ ಹತ್ತುವುದು ಅದಾದ ಮೇಲೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷವನ್ನು ಒಂದೇ ಬುನಾದಿ ಹಂತ ಎಂದು ಕರೆದು, ಅದು ಆಟದ ಮೂಲಕವೇ ಆಗಬೇಕು ಎಂದಿದೆ. ಒಂದನೇ ತರಗತಿಗೆ ಬರುವ ಆರು ವರ್ಷದ ಮಕ್ಕಳು ಶಾಲೆಗೆ ಹೊಂದಿಕೊಳ್ಳಲೆಂದು 'ವಿದ್ಯಾ ಪ್ರವೇಶ'ದ ಹೆಸರಿನಲ್ಲಿ ಮೂರು ತಿಂಗಳು ಇಟ್ಟಿದ್ದಾರೆ. ಆರು ವರ್ಷದವರಿಗೆ ಮೂರು ತಿಂಗಳು ಬೇಕೆನ್ನುವುದಾದರೆ, ಮನೆಯ ಹೊಸ್ತಿಲನ್ನು ಮೊದಲ ಸಲ ದಾಟುವ ಮೂರು ವರ್ಷದವರಿಗೆ ಒಂದು ಬೆಳಗಿನಲ್ಲಿ ಎಲ್ಲ ಮುಗಿಯಬೇಕು ಎನ್ನುವುದು ಯಾವ ಲೆಕ್ಕ? ನಾಲ್ಕು ವಾರ ಕಾಗದದಲ್ಲಿ ಇದೆ. ಅದನ್ನು ನಮ್ಮ ಚಾಪೆಯ ತನಕ ತರಬೇಕಾದವರು ತಾವು.

ಕಾಯ್ದೆಯಲ್ಲೂ ಒಂದು ಸಂದಿ ಇದೆ. ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡಬಾರದು, ಮಾನಸಿಕ ಕಿರುಕುಳ ಕೊಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಆದರೆ ಆ ಕಾಯ್ದೆ ಮಗು ಎನ್ನುವುದು 6ರಿಂದ 14 ವರ್ಷದವರನ್ನು. ಕತ್ತಲೆ ಕೋಣೆಯ ಬೆದರಿಕೆ ಕೇಳುವ ನಾಲ್ಕು ವರ್ಷದವಳು ಆ ಲೆಕ್ಕಕ್ಕೆ ಬರುವುದಿಲ್ಲ. ಆರು ವರ್ಷದವರೆಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆ ಸರ್ಕಾರ ಶ್ರಮಿಸಬೇಕು ಎಂದು ಸಂವಿಧಾನದ 45ನೇ ವಿಧಿ ಹೇಳುತ್ತದೆ; 2002ರ 86ನೇ ತಿದ್ದುಪಡಿಯಿಂದ ಆ ಮಾತು ಅಲ್ಲಿ ಸೇರಿದ್ದು. ಇವೆರಡರ ನಡುವಿನ ಸಂದಿಯನ್ನು ಜಿಲ್ಲಾ ಮಟ್ಟದ ಒಂದು ಸುತ್ತೋಲೆ ಇವತ್ತಿನ ಮಟ್ಟಿಗಾದರೂ ಮುಚ್ಚಬಲ್ಲದು.

ಬೇರೆ ದಾರಿ ಇದೆ ಎಂಬುದನ್ನೂ ನಾನು ಕಣ್ಣಾರೆ ನೋಡಿದ್ದೇನೆ. ನನ್ನ ತವರಿನ ಕಡೆಯ ಒಂದು ಅಂಗನವಾಡಿಯಲ್ಲಿ ಅಕ್ಕೋರು ಜೂನ್ ಬಂದ ಕೂಡಲೇ ಗೋಡೆಯ ಬದಿಗೆ ಒಂದು ಚಾಪೆ ಹಾಸಿಬಿಡುತ್ತಾರೆ. ಅದು ಅಜ್ಜಿಯರ ಚಾಪೆ. ಅಲ್ಲಿ ಕೂತು ಅವರು ಸೊಪ್ಪು ಸೋಸುತ್ತಾರೆ, ಅಕ್ಕಿಯಲ್ಲಿನ ಹಳ್ಳು ಆರಿಸುತ್ತಾರೆ. ಮಗುವಿನ ಜೊತೆ ಆಡುವುದಿಲ್ಲ, ಅದರ ಬೆನ್ನು ಹತ್ತುವುದೂ ಇಲ್ಲ. ಮಗು ಎದ್ದು ನಾಲ್ಕು ಹೆಜ್ಜೆ ಹೋಗಿ ಆಟದ ಸಾಮಾನು ಮುಟ್ಟುತ್ತದೆ, ಓಡಿ ಬಂದು ಅಜ್ಜಿಯ ಮೊಣಕಾಲು ಮುಟ್ಟುತ್ತದೆ, ಮತ್ತೆ ಹೋಗುತ್ತದೆ. ಮೊದಲ ದಿನಗಳಲ್ಲಿ ಒಂದು ತಾಸು ಆದ ಮೇಲೆ ಇಬ್ಬರನ್ನೂ ಮನೆಗೆ ಕಳಿಸುತ್ತಾರೆ. ಮಗು ಅಕ್ಕೋರ ಕೈಯಿಂದ ನೀರು ಕುಡಿಯಲು, ಅವರ ಕೈ ಹಿಡಿದು ಬಚ್ಚಲಿಗೆ ಹೋಗಲು ಒಪ್ಪಿದ ಮೇಲಷ್ಟೇ ಅಜ್ಜಿ ಹೊರಗೆ ಹೋಗುವುದು. ಅದೂ ಕದ್ದು ಅಲ್ಲ. ಮಗುವಿನ ಮುಖ ನೋಡಿ, ಹೋಗಿ ಬರ್ತೀನಿ, ಊಟ ಆದ ಮ್ಯಾಲ ಬರ್ತೀನಿ ಎಂದು ಹೇಳಿ ಹೋಗಬೇಕು. ಹೇಳಿದ ಹೊತ್ತಿಗೆ ಬರಲೇಬೇಕು. ಮಗು ಆಗಲೂ ಅಳುತ್ತದೆ. ಆದರೆ ಅಕ್ಕೋರು ಎತ್ತಿಕೊಂಡರೆ ನಿಲ್ಲುತ್ತದೆ, ಯಾಕೆಂದರೆ ಅವರ ಹೆಗಲು ಅದಕ್ಕೆ ಆಗಲೇ ಗೊತ್ತು.

ಸೇರಿಸಿಕೊಳ್ಳುವಾಗ ಆ ಅಕ್ಕೋರು ಆಧಾರ್ ಕಾರ್ಡಿನ ಜೊತೆಗೆ ಇನ್ನೂ ಕೆಲವು ಕೇಳಿ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಕೂಸನ್ನು ಏನಂತ ಕರೀತೀರಿ, ಯಾರ ಮಗ್ಗುಲಲ್ಲಿ ಮಲಗುತ್ತದೆ, ಒಂದು ಎರಡಕ್ಕೆ ಹೋಗಬೇಕಾದರೆ ಹೇಗೆ ಹೇಳುತ್ತದೆ, ಏನು ಕಂಡರೆ ಅಂಜುತ್ತದೆ, ಏನು ತಿನ್ನುವುದಿಲ್ಲ. ತೆಲುಗು, ಉರ್ದು, ಲಂಬಾಣಿ ಮಾತಾಡುವ ಮನೆಗಳು ಈ ಜಿಲ್ಲೆಯಲ್ಲಿ ಎಷ್ಟಿವೆ ಎಂಬುದು ತಮಗೆ ಗೊತ್ತಿದೆ. ಇಷ್ಟು ಕೇಳಿ ಬರೆದುಕೊಂಡಿದ್ದರೆ ತಾಂಡಾದ ಆ ಹುಡುಗ ಒದ್ದೆ ಚಡ್ಡಿಯಲ್ಲಿ ಕೂಡಬೇಕಾಗುತ್ತಿರಲಿಲ್ಲ.

ಜರ್ಮನಿಯ ಬರ್ಲಿನ್‌ನಲ್ಲಿ ಶಿಶುವಿಹಾರಗಳಿಗಾಗಿ 1980ರ ದಶಕದಲ್ಲಿ ರೂಪಿಸಿದ ಕ್ರಮವೂ ಹೆಚ್ಚು ಕಡಿಮೆ ಇದೇ. ಮೊದಲ ಮೂರು ದಿನ ಮನೆಯವರೊಬ್ಬರು ಮಗುವಿನ ಜೊತೆಗೇ ಇದ್ದು ತಾಸು ಹೊತ್ತಿನಲ್ಲಿ ಹೊರಡುತ್ತಾರೆ, ನಾಲ್ಕನೆಯ ದಿನ ಸ್ವಲ್ಪ ಹೊತ್ತು ಹೊರಗೆ ಹೋಗಿ ನೋಡುತ್ತಾರೆ, ಮಗು ಸಮಾಧಾನವಾದರೆ ಮುಂದುವರಿಯುತ್ತಾರೆ, ಆಗದಿದ್ದರೆ ಇನ್ನಷ್ಟು ದಿನ ಜೊತೆಗಿರುತ್ತಾರೆ. ನನ್ನ ತವರಿನ ಅಕ್ಕೋರು ಅದನ್ನು ಎಲ್ಲಿಯೂ ಓದಿದವರಲ್ಲ. ಮಕ್ಕಳನ್ನು ನೋಡಿ ಕಂಡುಕೊಂಡವರು.

ತಕರಾರುಗಳನ್ನೂ ಬಲ್ಲೆ. ಒಬ್ಬರ ಅವ್ವ ಕೂತರೆ ಉಳಿದ ಮಕ್ಕಳೂ ಅಳುತ್ತವೆ ಎನ್ನುತ್ತಾರೆ. ಹೊಸ ಮಕ್ಕಳನ್ನೆಲ್ಲ ಒಂದೇ ದಿನ ಸೇರಿಸದೆ ವಾರಕ್ಕೆ ನಾಲ್ಕೈದು ಮಕ್ಕಳಂತೆ ಸೇರಿಸಿಕೊಂಡರೆ ಈ ತೊಂದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ದೊಡ್ಡವರು ಒಳಗೆ ಕೂಡುವುದು ನಿಯಮವಲ್ಲ ಎನ್ನುವವರಿಗೆ, ಗರ್ಭಿಣಿ ಬಾಣಂತಿಯರು ಅಂಗನವಾಡಿಗೇ ಬಂದು ಊಟ ಮಾಡಲೆಂದು 2017ರಲ್ಲಿ ಮಾತೃಪೂರ್ಣ ಯೋಜನೆ ತಂದದ್ದು ನಮ್ಮ ಸರ್ಕಾರವೇ ಎಂದು ನೆನಪಿಸುತ್ತೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಹೇಳಿ ಬಾಯಿ ಮುಚ್ಚಿಸುವವರೂ ಇದ್ದಾರೆ. ಅಂಜಿಸಿ ಕೂಡಿಸುವುದಕ್ಕೆ ಬಗ್ಗಿಸುವುದು ಎನ್ನಲು ನಾನು ಒಪ್ಪುವುದಿಲ್ಲ.

ಒಂದು ತಕರಾರು ಮಾತ್ರ ನ್ಯಾಯವಾದದ್ದು. ಕಾರ್ಯಕರ್ತೆಗೆ ಪುರಸೊತ್ತೇ ಇಲ್ಲ. ಹೊಸ ಮಕ್ಕಳು ಸೇರುವ ಅದೇ ತಿಂಗಳು ಅವರು ಮಕ್ಕಳ ತೂಕ ಎತ್ತರ ಅಳೆಯಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಫೋಟೋ ಹಿಡಿದು ಅಪ್‌ಲೋಡ್ ಮಾಡಬೇಕು, ನೆಟ್‌ವರ್ಕ್ ಸಿಗದಿದ್ದರೆ ಮೊಬೈಲ್ ಹಿಡಿದು ಹೊರಗೆ ನಿಲ್ಲಬೇಕು, ಆಹಾರದ ಪೊಟ್ಟಣ ಹಂಚಬೇಕು, ಸರ್ವೆಗೆ ಹೋಗಬೇಕು, ಎಷ್ಟೋ ಕಡೆ ಮತದಾರರ ಪಟ್ಟಿಯ ಕೆಲಸವೂ ಅವರದ್ದೇ. ಅಳುವ ಐದು ಮಕ್ಕಳನ್ನು ಒಬ್ಬರೇ ಎತ್ತಿಕೊಳ್ಳಲು ಆಗುವುದಿಲ್ಲ. ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರಿರಬೇಕು ಎಂದು ಶಿಶು ಪಾಲನೆ ಮತ್ತು ಶಿಕ್ಷಣದ 2013ರ ರಾಷ್ಟ್ರೀಯ ನೀತಿಯಲ್ಲಿದೆ. ಚಿಲಕ ಹಾಕುವ ಕೈ ಕೆಟ್ಟದ್ದಲ್ಲ, ದಣಿದದ್ದು. ಅವರಿಗೆ ಕೊಡುವುದು ಸಂಬಳವಲ್ಲ, ಗೌರವಧನ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಈ ಕಾರಣಕ್ಕೇ ನಾನು ಕೇಳುವ ಮೊದಲನೆಯದು ಕಾರ್ಯಕರ್ತೆಯರ ಪರವಾದದ್ದು. ಜೂನ್ ತಿಂಗಳ ನಾಲ್ಕು ವಾರ ಅವರಿಗೆ ಯಾವ ಸರ್ವೆಯನ್ನೂ, ಮೀಟಿಂಗನ್ನೂ, ಬೇರೆ ಇಲಾಖೆಯ ಕೆಲಸವನ್ನೂ ಹಚ್ಚಬೇಡಿ. ಖಾಲಿ ಇರುವ ಸಹಾಯಕಿಯರ ಜಾಗ ಮೇ ಒಳಗೆ ತುಂಬಿ. ಸಂವಿಧಾನದ 371ಜೆ ವಿಧಿಯ ಅಡಿ ನಮ್ಮ ಭಾಗಕ್ಕೆ ಬರುವ ಹಣದಲ್ಲಿ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ, ಜೂನ್ ಮತ್ತು ಜುಲೈಗೆ ಊರಿನ ಒಬ್ಬ ಹೆಣ್ಣುಮಗಳನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಲು ದಾರಿ ಮಾಡಿ. ಆಕೆ ಆ ಊರಿನ ಮಕ್ಕಳ ಮನೆಮಾತು ಬಲ್ಲವಳಾಗಿರಲಿ. ಇದೇ ಮಂಡಳಿಯ ನೆರವಿನಲ್ಲಿ 2024ರಿಂದ ನಮ್ಮ ಭಾಗದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆಯುತ್ತಿದ್ದಾರೆ. ಅಲ್ಲಿಗೆ ನೇಮಕವಾಗುವ ಅತಿಥಿ ಶಿಕ್ಷಕಿಯರಿಗೂ ಮಕ್ಕಳು ಬರುವ ಮೊದಲೇ ತರಬೇತಿ ಕೊಡಿಸಿ.

ಎರಡನೆಯದು ಸುತ್ತೋಲೆ. ಹೊಸ ಮಗುವಿನ ಜೊತೆ ಮನೆಯ ಒಬ್ಬ ದೊಡ್ಡವರು ಮೊದಲ ನಾಲ್ಕು ವಾರದೊಳಗೆ ಬೇಕಾದಷ್ಟು ದಿನ ಒಳಗೆ ಕೂಡಬಹುದು. ಹೊತ್ತನ್ನು ತಾಸಿನಿಂದ ಶುರು ಮಾಡಿ ಹೆಚ್ಚಿಸಬೇಕು. ಅಳುವ ಮಗುವನ್ನು ಒಳಗೆ ಹಾಕಿ ಚಿಲಕ ಹಾಕಬಾರದು. ಸೂಜಿ, ಪೊಲೀಸ್, ಕತ್ತಲೆ ಕೋಣೆ ಎಂದು ಹೆದರಿಸಬಾರದು. ಇದು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಅಂಗನವಾಡಿಯ ಗೋಡೆಯ ಮೇಲೂ ಖಾಸಗಿ ಶಾಲೆಯ ಗೇಟಿನ ಮೇಲೂ ಇರಲಿ. ಖಾಸಗಿ ಶಾಲೆಯವರು ಮಾನ್ಯತೆಯ ನವೀಕರಣಕ್ಕೆ ಬಂದಾಗ ಕಟ್ಟಡ, ಶೌಚಾಲಯದ ಜೊತೆ ಇದನ್ನೂ ಕೇಳಿ.

ಗುಳೆ ಹೋದವರ ಮಕ್ಕಳನ್ನು ಮರೆಯಬೇಡಿ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದ ಸಂಸಾರಗಳು ಮರಳುವುದು ಶಾಲೆಯ ಕ್ಯಾಲೆಂಡರ್ ನೋಡಿಕೊಂಡಲ್ಲ. ಆಗಸ್ಟ್‌ನಲ್ಲೋ ಜನವರಿಯಲ್ಲೋ ಬಂದ ಮಗು ಒಂದೇ ಸಲ ತುಂಬಿದ ಕೋಣೆಗೆ ಬೀಳುತ್ತದೆ. ಕೆಲವು ಮಕ್ಕಳನ್ನು ಅಜ್ಜ ಅಜ್ಜಿಯ ಬಳಿ ಬಿಟ್ಟು ತಂದೆ ತಾಯಿ ಹೋಗಿರುತ್ತಾರೆ. ಅಂಥ ಮಗುವಿಗೆ ಒಂದು ಅಗಲಿಕೆಯ ಮೇಲೆ ಇನ್ನೊಂದು. ನಾಲ್ಕು ವಾರದ ಲೆಕ್ಕ ಜೂನ್ ಒಂದರಿಂದ ಬೇಡ, ಪ್ರತಿ ಮಗು ಬಂದ ದಿನದಿಂದ ಹಿಡಿಯಿರಿ.

ತಂದೆ ತಾಯಂದಿರಿಗೆ ಹೇಳಿಕೊಡುವವರೂ ಬೇಕು. ಮಗು ಅತ್ತಾಗ ತನ್ನದೇ ತಪ್ಪೇನೋ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋಗುವ ತಾಯಂದಿರನ್ನು ನನ್ನ ಪಡಸಾಲೆಯಿಂದ ನೋಡುತ್ತೇನೆ. ಹೊಸ ಜಾಗದಲ್ಲಿ ಮೂರು ವರ್ಷದ ಮಗು ಅಳುವುದು ಸಹಜ, ಅದು ಹಟವಲ್ಲ ಎಂದು ಯಾರೂ ಅವರಿಗೆ ಹೇಳಿಲ್ಲ. ಕಳಿಸುವ ಮೊದಲು ಒಂದೆರಡು ಸಲ ಸುಮ್ಮನೆ ಕರೆತಂದು ಅಂಗಳದಲ್ಲಿ ಆಡಿಸಿ, ಮನೆಯ ಒಂದು ಹಳೆಯ ಬಟ್ಟೆ ಕೈಯಲ್ಲಿ ಕೊಟ್ಟು ಕಳಿಸಿ, ಬದಲಿ ಚಡ್ಡಿ ಇಡಿ, ಸುಳ್ಳು ಹೇಳಿ ಹೋಗಬೇಡಿ ಎಂಬಷ್ಟು ಮಾತು ಸಾಕು. ಅಂಗನವಾಡಿಗಳಲ್ಲಿ ಪ್ರತಿ ತಿಂಗಳು ಇಸಿಸಿಇ (ಶಿಶು ಪಾಲನೆ ಮತ್ತು ಶಿಕ್ಷಣ) ದಿನ ಎಂದು ಆಚರಿಸುತ್ತಾರಲ್ಲ, ಮೇ ತಿಂಗಳದ್ದನ್ನು ಹೊಸ ಮಕ್ಕಳ ಮನೆಯವರಿಗೇ ಮೀಸಲಿಡಿ. ಆದರೆ ಬೆಳಿಗ್ಗೆ ಹನ್ನೊಂದಕ್ಕೆ ಕರೆಯಬೇಡಿ. ಆ ಹೊತ್ತಿನಲ್ಲಿ ನಮ್ಮೂರಲ್ಲಿ ಮುದುಕರು ಬಿಟ್ಟರೆ ಯಾರೂ ಸಿಗುವುದಿಲ್ಲ. ಕೂಲಿಯವರು ಬಂದು ಕೈಕಾಲು ತೊಳೆದುಕೊಂಡ ಮೇಲೆ, ಸಂಜೆ ಏಳರ ಹೊತ್ತಿಗೆ, ತಾಂಡಾದಲ್ಲಿ, ಓಣಿಯಲ್ಲಿ ಸೇರಿಸಿ. ಗಂಡಸರನ್ನೂ ಕೂಡಿಸಿ. ಮಗುವನ್ನು ಬಿಟ್ಟು ಬರುವ ಕೆಲಸ ಅಪ್ಪನಿಗೂ ಸೇರಿದ್ದು.

ಮಾನ್ಯ ಜಿಲ್ಲಾಧಿಕಾರಿಗಳೇ, ಜೂನ್ ಮೊದಲ ವಾರದಲ್ಲಿ ಒಂದು ದಿನ, ಮುಂಚಿತವಾಗಿ ತಿಳಿಸದೆ, ಬೆಳಿಗ್ಗೆ ಹತ್ತು ಗಂಟೆಗೆ ಯಾವುದಾದರೂ ಅಂಗನವಾಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ಕೇಳಿ ಎಂದು ತಮ್ಮನ್ನು ಬೇಡಿಕೊಳ್ಳುತ್ತೇನೆ. ಸುತ್ತೋಲೆ ಮೇ ಮುಗಿಯುವುದರೊಳಗೆ ಬಂದರೆ ಈ ವರ್ಷದ ಮಕ್ಕಳಿಗೇ ಉಪಯೋಗವಾಗುತ್ತದೆ. ನಮ್ಮೂರಲ್ಲಿ ಅಜ್ಜಿಯರು ಕೂಡಲು ಬೇಕಾದ ಚಾಪೆಗಳನ್ನು ಬಾಲವಿಕಾಸ ಸಮಿತಿ ಕೊಡುತ್ತದೆ. ಮಕ್ಕಳಿಗೆ ಬದಲಿ ಚಡ್ಡಿಗಳನ್ನು ನಾನೇ ಹೊಲಿದುಕೊಡುತ್ತೇನೆ. ತುಂಡು ಬಟ್ಟೆ ನನ್ನ ಬಳಿ ಬೇಕಾದಷ್ಟಿದೆ. ತಮ್ಮ ಅನುಮತಿಯೊಂದು ಬಾಕಿ.

ಇಂತಿ ತಮ್ಮ ವಿಶ್ವಾಸಿ,
ಬಾಲವಿಕಾಸ ಸಮಿತಿಯ ಒಬ್ಬ ಸದಸ್ಯೆ
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ